ಹಿಂದಿನ ಸೀಟಿನವನ ಕೈ

ಗೋವಿಂದರಾಜನಗರ, ಬೆಂಗಳೂರು
ಸೋಮವಾರ, 17 ನವೆಂಬರ್ 2025

ಪ್ರೀತಿಯ ಅಕ್ಕಾ,

ನನ್ನ ಕೋಪ ಇನ್ನೂ ಇಳಿದಿಲ್ಲ. ಆದರೆ ನೀನು ನಾಲ್ಕು ವರ್ಷಕ್ಕೆ ದೊಡ್ಡವಳು, ಅದಕ್ಕಾಗಿ ಮೊದಲು ನಮಸ್ಕಾರ. ಮಂಡಿನೋವು ಹೇಗಿದೆ? ಬೆಳಗಿನ ಮಾತ್ರೆಯನ್ನು ತಿಂಡಿಗೆ ಮುಂಚೆ ನುಂಗುತ್ತಿದ್ದೀಯೋ, ಇಲ್ಲ ಮೊದಲಿನ ಹಾಗೆ ಕಾಫಿ ಕುಡಿದು, ಹೂವು ಕಟ್ಟಿ, ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ನೋಡಿ ಮುಗಿಸಿ ಹನ್ನೊಂದು ಗಂಟೆಗೆ ನುಂಗುತ್ತೀಯೋ? ಮೋಹನನನ್ನು ಕೇಳಿದರೆ "ಅಮ್ಮ ಚೆನ್ನಾಗವ್ರೆ ಮಾವ" ಎನ್ನುತ್ತಾನೆ. ಅವನಿಗೆ ಎಲ್ಲರೂ ಯಾವಾಗಲೂ ಚೆನ್ನಾಗಿಯೇ ಇರುತ್ತಾರೆ. ನಿನ್ನ ಮಗನ ಮಾತು ನಂಬಿಕೊಂಡು ನಾನು ಔಷಧಿಯ ವಿಷಯ ತೀರ್ಮಾನ ಮಾಡುವುದಕ್ಕಾಗುವುದಿಲ್ಲ, ನೀನೇ ಬರೆದು ತಿಳಿಸು. ನನ್ನ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ, ನಿದ್ದೆ ಪರವಾಗಿಲ್ಲ, ಎಡ ಮೊಣಕೈ ಮಾತ್ರ ತರಚಿಕೊಂಡು ಪಟ್ಟಿ ಹಾಕಿಸಿಕೊಂಡಿದ್ದೇನೆ. ಗಾಬರಿಯಾಗಬೇಡ, ಅದರ ಕಾರಣ ಮುಂದೆ ಬರುತ್ತದೆ.

ಗೋವಿಂದರಾಜನಗರದಿಂದ ಉಲ್ಲಾಳಕ್ಕೆ ಎಂಟೋ ಒಂಬತ್ತೋ ಕಿಲೋಮೀಟರು. ಅಷ್ಟಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ಅಂಚೆ ಕಚೇರಿಯ ಹೆಂಗಸು ಕೇಳಿದರೂ ಕೇಳಿಯಾಳು. ಬೇರೆ ದಾರಿ ಏನಿದೆ ಹೇಳು. ಫೋನ್ ಮಾಡಿದರೆ ನೀನು "ಆಂ? ಆಂ?" ಎನ್ನುತ್ತೀ. ನಾನು ಕೂಗುತ್ತೇನೆ. ಕೆಳಗಿನ ಮನೆಯವರು ಜಗಳವೇನೋ ಎಂದು ಮೆಟ್ಟಿಲ ತನಕ ಬಂದು ನಿಲ್ಲುತ್ತಾರೆ. ಕೊನೆಗೆ ನೀನು "ಸರಿ ಕಣೋ, ಊಟ ಮಾಡು" ಎಂದು ಇಟ್ಟುಬಿಡುತ್ತೀ. ನಾನು ಊಟದ ವಿಷಯವನ್ನೇ ಎತ್ತಿರುವುದಿಲ್ಲ. ನೀನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದು. ಅದಕ್ಕೇ ಅಕ್ಷರ ದಪ್ಪಗೆ ಬರೆದಿದ್ದೇನೆ. ಮಧ್ಯೆ ಮಧ್ಯೆ ಇಂಗ್ಲಿಷ್ ಬರುತ್ತದೆ. ರಾಜಾಜಿನಗರದ ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದರಲ್ಲಿ ಅರ್ಧ ಉಳಿದಿದೆ, ಬಳಸದಿದ್ದರೆ ಅದೂ ಹೋಗುತ್ತದೆ. ಅರ್ಥವಾಗದ ಕಡೆ ಬಿಟ್ಟು ಮುಂದೆ ಹೋಗು. ನಿನ್ನನ್ನು ಬೈದಿರುವುದೆಲ್ಲ ಕನ್ನಡದಲ್ಲೇ ಇದೆ.

ಟು ಬಿಗಿನ್ ವಿತ್, ಜಗಳದ ವಿಷಯ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಆಗಸ್ಟಿನಲ್ಲಿ ನಮ್ಮ ಲಕ್ಷ್ಮಿಯ ವರ್ಷದ ತಿಥಿ. ಎಡೆ ಇಟ್ಟಾಗಿತ್ತು, ನೆಂಟರು ಎರಡನೇ ಪಂಕ್ತಿಗೆ ಕೂತಿದ್ದರು. ನೀನು ಒಬ್ಬಳೇ ಕೋಣೆಯ ಮೂಲೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದೆ. ಎದುರಿಗೆ ಬಂದವರೆಲ್ಲ ಏನೋ ಕೇಳುವುದು, ನೀನು "ಹೂಂ, ಊಟ ಆಯ್ತು" ಎನ್ನುವುದು. ನಮ್ಮ ಮೂಡಲಪಾಳ್ಯದ ಚಿಕ್ಕಮ್ಮ "ಕಾಲು ನೋವು ಹೇಗಿದೆಯೇ" ಎಂದರೂ ಊಟ ಆಯ್ತು. ಅವಳ ಮಗಳು ಲಕ್ಷ್ಮಿಯನ್ನು ನೆನೆಸಿಕೊಂಡು ಕಣ್ಣು ಒರೆಸಿಕೊಂಡು ಎರಡು ಮಾತು ಆಡಿದಾಗಲೂ ಊಟ ಆಯ್ತು. ಅದನ್ನು ನೋಡಿ ನನಗೆ ರೇಗಿತು. ಜೂನ್ ತಿಂಗಳಲ್ಲೇ ಮೋಹನ ನಿನಗೆ ಕಿವಿ ಮಿಷನ್ನು ಮಾಡಿಸಿ ತಂದಿದ್ದ, ನಾನೂ ಜೊತೆಗೆ ಬಂದಿದ್ದೆ. ಕಿವಿ ಪರೀಕ್ಷೆ ಮಾಡುವ ಆ ಹೆಣ್ಣುಮಗಳು ನಿನ್ನನ್ನು ಎದುರಿಗೆ ಕೂರಿಸಿಕೊಂಡು, ಚೀಟಿಯಲ್ಲಿ ಬರೆದು ಬರೆದು ತೋರಿಸಿ ಹೇಳಿದಳು. ಮೊದಲ ದಿನ ಒಂದು ಗಂಟೆ ಹಾಕಿಕೊಳ್ಳಿ ಅಮ್ಮ, ಆಮೇಲೆ ಎರಡು ಗಂಟೆ. ಮೊದಮೊದಲು ಪಾತ್ರೆ ಸದ್ದು, ಫ್ಯಾನಿನ ಸದ್ದು, ಚಪ್ಪಲಿ ಸದ್ದು, ಎಲ್ಲಾ ಒಟ್ಟಿಗೆ ಬಂದು ಬಡಿಯುತ್ತದೆ. ಹೆದರಿ ತೆಗೆದಿಡಬೇಡಿ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂದು ತಲೆ ಕಲಿತುಕೊಳ್ಳಬೇಕು, ಅದಕ್ಕೆ ಕೆಲವು ವಾರ ಬೇಕು. ಹೀಗೇ ಡಬ್ಬಿಯಲ್ಲಿಟ್ಟು ವರ್ಷಗಟ್ಟಲೆ ಬಿಟ್ಟರೆ ಆಮೇಲೆ ಸದ್ದು ಕೇಳಿಸಿದರೂ ಮಾತು ಬಿಡಿಸಿಕೊಳ್ಳುವುದಕ್ಕೆ ಕಷ್ಟವಾಗುತ್ತದೆ. ಇಷ್ಟನ್ನೂ ಅವಳು ಬರೆದ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ. ನೀನು ಮನೆಗೆ ಬಂದು ಹತ್ತು ನಿಮಿಷ ಹಾಕಿಕೊಂಡೆ. ನಿನ್ನ ಸೊಸೆ ಮಿಕ್ಸಿ ತಿರುಗಿಸಿದಳು. ಅಷ್ಟೇ, ಕಿತ್ತು ಡಬ್ಬಿಗೆ ಹಾಕಿದೆ.

ಆವತ್ತು ತಿಥಿಯ ಮನೆಯಲ್ಲಿ ನಾನು ನಿನ್ನ ಎದುರಿಗೆ ಕೂತು ಕೈಸನ್ನೆ ಮಾಡಿಕೊಂಡು, ಕೂಗಿಕೊಂಡು, ಕಲಿತುಕೋ ಅಕ್ಕಾ, ಮನಸ್ಸು ಮಾಡಿದರೆ ಆಗುತ್ತದೆ ಎಂದೆ. ನೀನು ಅಷ್ಟು ಜನರ ಮುಂದೆ ಅಂದದ್ದನ್ನು ಹಾಗೆಯೇ ಬರೆಯುತ್ತೇನೆ. "ಲೋ ವೆಂಕಟ, ಇಪ್ಪತ್ತಾರು ವರ್ಷ ಹೆಂಡ್ತಿ ಬೆನ್ನಿಂದೆ ಮೂಟೆ ಕೂತಂಗೆ ಕೂತಿದ್ದೋನು ನೀನು. ಒಂದು ಸ್ಕೂಟ್ರು ಕಲೀಲಿಲ್ಲ. ನನಗೆ ಕಲಿ ಅಂತ ಹೇಳಕ್ಕೆ ಬಂದವ್ನೆ. ನೀನು ಆ ಸ್ಕೂಟ್ರು ಓಡಿಸ್ಕೊಂಡು ನನ್ನ ಬಾಗ್ಲಿಗೆ ಬಾ, ಅವತ್ತು ಹಾಕ್ಕೋತೀನಿ ನಿನ್ನ ಮಿಷನ್ನ." ಎರಡನೇ ಪಂಕ್ತಿಯವರೆಲ್ಲ ನಕ್ಕರು. ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ನಕ್ಕ. ತಿಥಿಯ ಮನೆಯಲ್ಲಿ ಅಷ್ಟು ನಗು ನಾನು ಎಲ್ಲೂ ನೋಡಿಲ್ಲ.

ನೀನು ಹೇಳಿದ್ದು ಸುಳ್ಳೇನೂ ಅಲ್ಲ, ಅದಕ್ಕೇ ಹೆಚ್ಚು ರೇಗಿತು. ಲಕ್ಷ್ಮಿ ಆರೋಗ್ಯ ಕೇಂದ್ರದ ಕೆಲಸಕ್ಕೆ ಬೀದಿ ಬೀದಿ ಸುತ್ತಬೇಕಾಗಿ ಬಂದಾಗ ಮೂವತ್ತಾರನೇ ವಯಸ್ಸಿನಲ್ಲಿ ಮೂರೇ ದಿನಕ್ಕೆ ಸ್ಕೂಟರ್ ಕಲಿತಳು. ನಾನು ಕಾರ್ಖಾನೆಯಲ್ಲಿ ಟೈಮ್‌ಕೀಪರ್, ಬೆಳಿಗ್ಗೆ ನನ್ನನ್ನು ಗೇಟಿನ ಹತ್ತಿರ ಇಳಿಸಿ ಅವಳು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಗೇಟಿನ ಕಾವಲುಗಾರ ಏನೇನೋ ಅನ್ನುತ್ತಿದ್ದ, ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಿನಗೂ ಅದೇ ಸ್ಕೂಟರೇ ಆಗಿತ್ತಲ್ಲ, ಆಸ್ಪತ್ರೆಗೆ, ಮದುವೆಗೆ, ವಿಜಯನಗರದ ಮಾರುಕಟ್ಟೆಗೆ. ಅವಳು ಹೋದ ಮೇಲೆ ಅದು ನಮ್ಮ ಮನೆಯ ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟು ಹೊದ್ದುಕೊಂಡು ನಿಂತಿತ್ತು.

ಈಗ ನನ್ನ ಮಗಳು ಚೈತ್ರಳ ವಿಷಯ ಹೇಳಬೇಕು. ಅವಳು ಬಸವೇಶ್ವರನಗರದಿಂದ ವಾರಕ್ಕೆರಡು ಸಲ ಬಂದು ನನ್ನ ಮುಖ ನೋಡಿ ನಿಟ್ಟುಸಿರು ಬಿಡುತ್ತಾಳೆ. ಅಪ್ಪ ಸುಮ್ಮನೆ ಕೂತರೆ ಮೆದುಳು ತುಕ್ಕು ಹಿಡಿಯುತ್ತದೆ ಎಂದು ಯಾರೋ ಅವಳ ತಲೆಗೆ ತುಂಬಿದ್ದಾರೆ. ಕಳೆದ ಚಳಿಗಾಲದಿಂದ ನನ್ನನ್ನು ಅವರ ಮನೆ ಹತ್ತಿರದ ಹಿರಿಯ ನಾಗರಿಕರ ಕೂಟಕ್ಕೆ ಸೇರಿಸಿದ್ದಳು. ಮೊದಲು ಕೀಬೋರ್ಡ್. ಮೂರು ತಿಂಗಳಲ್ಲಿ ನನಗೆ ಬಂದದ್ದು ಸರಿಗಮದ ಮೊದಲ ನಾಲ್ಕು. ಆಮೇಲೆ ಅಂಕಿಗಳ ಚೌಕ ತುಂಬಿಸುವ ಆಟ. ಇಪ್ಪತ್ತೊಂಬತ್ತು ವರ್ಷ ಜನರ ಬರುವ ಹೋಗುವ ಗಂಟೆ ಬರೆದವನಿಗೆ ಇನ್ನೂ ಅಂಕಿ ತುಂಬಿಸು ಎಂದರೆ ಯಾವ ಮನುಷ್ಯ ತುಂಬಿಸುತ್ತಾನೆ? ಆಮೇಲೆ ಒಂದು ದಿನ ಮೋಟಿವೇಶನ್ ಭಾಷಣ. ಮೂವತ್ತು ವಯಸ್ಸಿನ ಒಬ್ಬ, ಕೆನ್ನೆಯ ಹತ್ತಿರ ಮೈಕು ಸಿಕ್ಕಿಸಿಕೊಂಡು, ಅತ್ತಿಂದಿತ್ತ ಓಡಾಡಿಕೊಂಡು, ವಯಸ್ಸು ಎಂಬುದು ಬರೀ ಒಂದು ನಂಬರ್ ಎಂದು ನಮಗೆ ಹೇಳಿದ. ಪಕ್ಕದಲ್ಲಿ ಕೂತಿದ್ದ ದೊಡ್ಡಹನುಮಯ್ಯ, ಎಪ್ಪತ್ತೆಂಟು ವರ್ಷ, ಎರಡೂ ಕಣ್ಣು ಆಪರೇಷನ್ ಆಗಿದೆ, ನನ್ನ ಕಿವಿಯಲ್ಲಿ "ಸಾರ್, ಆ ನಂಬರನ್ನ ಅವನಿಗೆ ಕೊಟ್ಬಿಡೋಣ, ಇಟ್ಕೊಳ್ಳಲಿ" ಅಂದರು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು ಅಲ್ಲಿನ ಚಪ್ಪಾಳೆ. ಒಂದು ಸಾಲು ನುಡಿಸಿದರೆ "ವಾವ್ ಅಂಕಲ್, ಸೂಪರ್ ಅಂಕಲ್" ಎಂದು ಚಪ್ಪಾಳೆ. ತಪ್ಪು ನುಡಿಸಿದರೂ ಅದೇ. ತಪ್ಪಿಗೂ ಒಪ್ಪಿಗೂ ಒಂದೇ ಚಪ್ಪಾಳೆ ಎಂದ ಮೇಲೆ ಇವರಿಗೆ ನಾನು ಕಲಿಯುತ್ತೇನೆಂಬ ನಿರೀಕ್ಷೆಯೇ ಇಲ್ಲ ಎಂದು ಗೊತ್ತಾಯಿತು. ಅವರು ನನ್ನ ಹೊತ್ತು ಕಳೆಸುತ್ತಿದ್ದರು, ನಾನು ಅವರ ಹೊತ್ತು ಕಳೆಸುತ್ತಿದ್ದೆ. ಚೈತ್ರ ಮಾತ್ರ ತನ್ನ ಗೆಳತಿಯರಿಗೆ ಅಪ್ಪನಿಗೆ ವಯಸ್ಸಾಯಿತು, ಏನೂ ತಲೆಗೆ ಹೋಗುವುದಿಲ್ಲ ಎಂದು ಹೇಳಿಕೊಂಡಳು. ತಲೆಗೆ ಹೋಗಲಿಲ್ಲವೋ, ತಲೆಗೆ ಅದು ಬೇಕಾಗಿರಲಿಲ್ಲವೋ, ಯಾರೂ ವಿಚಾರಿಸಲಿಲ್ಲ.

ತಿಥಿಯಾಗಿ ನಾಲ್ಕನೇ ದಿನ ನಾನು ಆ ಬೆಡ್‌ಶೀಟು ತೆಗೆದೆ. ನಾಯಂಡಹಳ್ಳಿಯ ಮೆಕ್ಯಾನಿಕ್ ಒಬ್ಬನ ಹತ್ತಿರ ರಿಪೇರಿ ಮಾಡಿಸಿ ತರಿಸಿದೆ. ಚೈತ್ರಳಿಗೆ ಹೇಳಲಿಲ್ಲ, ಹೇಳಿದ್ದರೆ ಮಾರಿಬಿಡುತ್ತಿದ್ದಳು. ಕಲಿಸುವವರು ಬೇಕಲ್ಲ. ಇಲ್ಲಿ ಮೂರನೇ ಅಡ್ಡರಸ್ತೆಯಲ್ಲಿ ಒಂದು ಬೋರ್ಡು ನೇತಾಡುತ್ತದೆ, ಮಹಿಳೆಯರಿಗೆ ಮಾತ್ರ ದ್ವಿಚಕ್ರ ವಾಹನ ತರಬೇತಿ ಎಂದು. ಗಂಡಸರಿಗೆ ಕಲಿಸುವ ಕಡೆ ಎಲ್ಲರೂ ಹುಟ್ಟುತ್ತಲೇ ಓಡಿಸಿಕೊಂಡು ಬಂದವರ ಹಾಗೆ ಮಾತಾಡುತ್ತಾರೆ, ಅರವತ್ತೇಳು ವರ್ಷದವನಿಗೆ ಬ್ರೇಕು ಯಾವುದು ಎಂದು ತೋರಿಸುವ ತಾಳ್ಮೆ ಯಾರಿಗೂ ಇಲ್ಲ. ಹೀಗಾಗಿ ಆ ಬೋರ್ಡಿನ ಕೆಳಗೇ ಹೋಗಿ ನಿಂತೆ. ಕಲಿಸುವವಳ ಹೆಸರು ಭುವನೇಶ್ವರಿ. ಕುಷ್ಟಗಿ ಕಡೆಯವಳು, ಇಪ್ಪತ್ತೆಂಟು ವಯಸ್ಸಿರಬಹುದು, ಗಂಡ ಊಟ ತಲುಪಿಸುವ ಕೆಲಸಕ್ಕೆ ದಿನವೆಲ್ಲ ಬೈಕಿನ ಮೇಲೆ ಇರುತ್ತಾನೆ. ನಾನು ಬಂದ ವಿಷಯ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಾರ, ಬೋರ್ಡ್ ಓದಿರೇನ್ರಿ?" ಎಂದಳು. ಓದಿದ್ದೇನಮ್ಮ, ಎಕ್ಸೆಪ್ಷನ್ ಪ್ರೂವ್ಸ್ ದಿ ರೂಲ್ ಎಂದು ನಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಾರೆ ಎಂದೆ. ಅವಳಿಗೆ ಇಂಗ್ಲಿಷ್ ಹಿಡಿಸಲಿಲ್ಲ. "ಅದೆಲ್ಲ ಇರ್ಲಿ, ನಿಮಗ ಖರೇನ ಕಲೀಬೇಕಂತ ಐತೋ, ಇಲ್ಲಾ ಮನ್ಯಾಗ ಬ್ಯಾಸರಾಗೇತೋ? ಬ್ಯಾಸರಕ್ಕ ಬಂದವ್ರಿಗೆ ನಾ ಕಲಸಂಗಿಲ್ರಿ." ಅಕ್ಕಾ, ಒಂದು ವರ್ಷದಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ನಾನು ನಿನ್ನ ವಿಷಯ ಹೇಳಿದೆ, ಪಂಥದ ವಿಷಯ ಹೇಳಿದೆ, ಡಬ್ಬಿಯೊಳಗಿನ ಮಿಷನ್ನಿನ ವಿಷಯ ಹೇಳಿದೆ. ನಾಳೆ ಬೆಳಿಗ್ಗೆ ಆರೂವರೆಗೆ ಬನ್ನಿ ಎಂದಳು.

ಕಲಿಯುವವರ ಲೈಸೆನ್ಸು, ಅದೇ ಎಲ್.ಎಲ್., ಮಾಡಿಸಿದ್ದು, ಡಾಕ್ಟರ ಸರ್ಟಿಫಿಕೇಟು ತಂದದ್ದು, ಅದನ್ನೆಲ್ಲ ಬರೆದರೆ ಕಾಗದ ಮುಗಿಯುವುದಿಲ್ಲ. ಕಲಿತದ್ದನ್ನು ಹೇಳುತ್ತೇನೆ. ನಿಮ್ಮ ಉಲ್ಲಾಳದ ಆಚೆ, ಸೈಟುಗಳಾಗಿ ಇನ್ನೂ ಮನೆ ಬಾರದ ಖಾಲಿ ಬಡಾವಣೆ ಇದೆಯಲ್ಲ, ಅಲ್ಲಿ ದಿನಾ ಬೆಳಿಗ್ಗೆ. ಅಲ್ಲಿಯ ತನಕ ಗಾಡಿಯನ್ನು ಭುವನೇಶ್ವರಿ ಓಡಿಸಿಕೊಂಡು ಬರುತ್ತಿದ್ದಳು, ನಾನು ಬಸ್ಸಿನಲ್ಲಿ. ನಾನು, ಮತ್ತು ಚೂಡಿದಾರದ ಮೇಲೆ ಹೆಲ್ಮೆಟ್ಟು ಹಾಕಿದ ಐದು ಜನ ಹೆಣ್ಣುಮಕ್ಕಳು. ಅವರಿಗೆ ಒಂದು ವಾರ ಸಾಕಾಯಿತು. ಒಬ್ಬೊಬ್ಬರೇ ಕಲಿತು ಹೋದರು, ಹೊಸಬರು ಬಂದರು, ಅವರೂ ಹೋದರು. ನಾನು ಉಳಿದೆ. ಶಾಲೆಯಲ್ಲಿ ಫೇಲಾದವನು ಅದೇ ಬೆಂಚಿನಲ್ಲಿ ಕೂತಿರುತ್ತಾನಲ್ಲ ಹಾಗೆ. ಬ್ಯಾಲೆನ್ಸ್ ಹತ್ತು ದಿನಕ್ಕೆ ಬಂತು. ಬ್ರೇಕು ಬಂತು, ಕನ್ನಡಿ ನೋಡುವುದು ಬಂತು. ಬಾರದೆ ಇದ್ದದ್ದು ಒಂದೇ. ತಿರುವು ಬಂದರೆ ಸಾಕು, ನನ್ನ ಕೈ ಹ್ಯಾಂಡಲ್ ಬಿಟ್ಟು ಹೊರಗೆ ಚಾಚಿಕೊಳ್ಳುತ್ತದೆ. ನಾನು ಚಾಚುವುದಲ್ಲ, ಅದೇ ಹೋಗುತ್ತದೆ. ಎಡಕ್ಕೆ ತಿರುಗಬೇಕಾದರೆ ಎಡಗೈ, ಬಲಕ್ಕಾದರೆ ಬಲಗೈ. ಬಲಗೈ ಬಿಟ್ಟರೆ ಆಕ್ಸಿಲೇಟರೇ ಹೋಯಿತು, ಗಾಡಿ ಬೊಕ್ಕಬೋರಲು.

ಭುವನೇಶ್ವರಿಗೆ ತಲೆ ಕೆಟ್ಟುಹೋಯಿತು. "ಅಜ್ಜಾರ, ಇಂಡಿಕೇಟರ್ ಐತಲ್ರಿ. ಕೈ ಯಾಕ ಹೊರಗ ಹಾಕ್ತೀರಿ? ಹಿಂಗ ಮಾಡಿದ್ರ ನೀವೂ ಬೀಳ್ತೀರಿ, ನನ್ನೂ ಬೀಳಸ್ತೀರಿ" ಎಂದು ದಿನಾ ಬೈಯುವುದು, ನಾನು ದಿನಾ ಆಯಿತಮ್ಮ ಎನ್ನುವುದು, ಮುಂದಿನ ತಿರುವಿನಲ್ಲಿ ಮತ್ತೆ ಕೈ ಹೊರಗೆ. ನಿನಗೆ ಕಾರಣ ಗೊತ್ತಿದೆ ಅಕ್ಕಾ, ಅವಳಿಗೆ ಗೊತ್ತಿರಲಿಲ್ಲ. ಲಕ್ಷ್ಮಿಯ ಹಿಂದೆ ಕೂತು ನಾನು ಮಾಡುತ್ತಿದ್ದ ಕೆಲಸ ಅದೊಂದೇ. ಅವಳು ಎರಡು ಕೈಯಲ್ಲೂ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುವವಳು, ಇಂಡಿಕೇಟರ್ ಹಾಕಲು ಬೆರಳು ಎತ್ತಿದರೂ ಭಯ. "ರೀ, ಎಡಕ್ಕೆ" ಎನ್ನುತ್ತಿದ್ದಳು, ನಾನು ಎಡಗೈ ಚಾಚುತ್ತಿದ್ದೆ. "ರೀ, ಬಲಕ್ಕೆ", ಬಲಗೈ. ಕೊನೆಕೊನೆಗೆ ಅವಳು ಹೇಳುವುದೂ ಬೇಕಿರಲಿಲ್ಲ, ಅವಳ ಭುಜ ಸ್ವಲ್ಪ ವಾಲಿದರೆ ನನಗೆ ಗೊತ್ತಾಗುತ್ತಿತ್ತು. ಮಾಗಡಿ ರಸ್ತೆಯ ಲಾರಿಗಳವರೂ ನನ್ನ ಕೈ ನೋಡಿ ನಿಲ್ಲಿಸಿದ್ದಾರೆ. ನೀನು ಮೂಟೆ ಎಂದೆ. ಮೂಟೆಗೆ ಕೈ ಇರುವುದಿಲ್ಲ.

ಅಕ್ಟೋಬರಿನಲ್ಲಿ ಲೈಸೆನ್ಸಿನ ಮೊದಲ ಟೆಸ್ಟು. ಎಂಟರ ಆಕಾರದಲ್ಲಿ ಸುತ್ತಬೇಕು, ಕಾಲು ನೆಲಕ್ಕೆ ತಾಗಬಾರದು. ಹೆದರಿಕೊಂಡು ಕಾಲಿಟ್ಟೆ, ಫೇಲು. ಅದಕ್ಕೆ ಬೇಜಾರಾಗಲಿಲ್ಲ. ಎರಡನೆಯದು ಈ ತಿಂಗಳ ಮೊದಲ ವಾರ. ಮೊದಲ ಸುತ್ತು ಚೆನ್ನಾಗಿ ಹೋಯಿತು. ಬೇಲಿಯ ಹೊರಗೆ ಭುವನೇಶ್ವರಿ ಎರಡು ಕೈಯನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡವಳ ಹಾಗೆ ದುಪಟ್ಟಾದಲ್ಲಿ ಸುತ್ತಿಕೊಂಡು ತೋರಿಸುತ್ತಿದ್ದಳು, ಕೈ ಬಿಡಬೇಡಿ ಎಂದು. ಎರಡನೇ ಸುತ್ತಿನ ಮಧ್ಯೆ ನೋ ಸೂನರ್ ಡಿಡ್ ಐ ಟರ್ನ್, ಮುಂದಿನದು ಕಾಲೇಜಿನಲ್ಲೂ ನನಗೆ ಬರುತ್ತಿರಲಿಲ್ಲ, ಕೈ ಹೊರಗೆ ಹೋಗಿತ್ತು. ಎಡಕ್ಕೆ ಬಿದ್ದೆ. ಮೊಣಕೈ ಆಗ ತರಚಿದ್ದು. ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ, ಎತ್ತಿ ಕೂರಿಸಿದರು. ಫೋರ್ಸ್ ಆಫ್ ಹ್ಯಾಬಿಟ್ ಸರ್ ಎಂದೆ. "ಯಜಮಾನ್ರೇ, ಈ ವಯಸ್ಸಲ್ಲಿ ಯಾಕೆ ಬೇಕು ಇದೆಲ್ಲ? ಮಗನೋ ಮಗಳೋ ಇದ್ದರೆ ಕರ್ಕೊಂಡು ಹೋಗಲ್ವಾ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು, ಆದರೂ ಮೈಯೆಲ್ಲ ಉರಿಯಿತು. ಇಪ್ಪತ್ತೆರಡರ ಒಬ್ಬ ಹುಡುಗ ನನಗಿಂತ ಮುಂಚೆ ಬಿದ್ದಿದ್ದ. ಅವನಿಗೆ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ, ಮುಂದಿನ ವಾರ ಬಾ ಎಂದು ಕಳಿಸಿದರು.

ವಾಪಸ್ ಬರುವಾಗ ದಾರಿಯಲ್ಲಿ ಟೀ ಕುಡಿಯಲು ನಿಂತೆವು. ಬಿಟ್ಟುಬಿಡುತ್ತೇನಮ್ಮ, ನಮ್ಮಕ್ಕ ಗೆದ್ದಳು ಎಂದೆ. ಆಗ ಲಕ್ಷ್ಮಿಯ ವಿಷಯ, ಕೈ ತೋರಿಸುತ್ತಿದ್ದ ವಿಷಯ ಮೊದಲ ಸಲ ಅವಳಿಗೆ ಹೇಳಿದೆ. ಮೂರು ತಿಂಗಳು ಯಾಕೆ ಹೇಳಿರಲಿಲ್ಲವೋ ಗೊತ್ತಿಲ್ಲ. ಭುವನೇಶ್ವರಿ ಟೀ ಲೋಟ ಕೆಳಗಿಟ್ಟಳು. ಆಮೇಲೆ ಅವಳು ಅಂದದ್ದು ಇದು. "ಇದನ್ನ ಮೊದ್ಲ ಹೇಳಬೇಕಿಲ್ಲೇನ್ರಿ? ಅಜ್ಜಾರ, ನಿಮಗ ಗಾಡಿ ಹೊಡಿಯಾಕ ಬರಂಗಿಲ್ಲ ಅಂತಲ್ಲ. ನಿಮಗ ಹಿಂದ ಕೂಡೋದು ಭಾಳ ಚಲೋ ಬರ್ತೈತಿ. ಅದನ್ನ ಬಿಡವಲ್ರಿ ನೀವು." ಮಾರನೇ ದಿನ ಬೆಳಿಗ್ಗೆ ಖಾಲಿ ಬಡಾವಣೆಯಲ್ಲಿ ನನ್ನ ಹಿಂದೆ ಹತ್ತಿ ಕೂತು, "ಕೈ ತೋರ್ಸೂ ಕೆಲಸ ಇವತ್ತಿನಿಂದ ನಂದು. ನೀವು ಎಡಕ್ಕ ಅನ್ರಿ, ನಾ ತೋರಸ್ತೀನಿ. ನಿಮ್ಮ ಕೈ ಅಲ್ಲೇ ಇರ್ಲಿ" ಎಂದಳು. ಎಡಕ್ಕಮ್ಮ ಎಂದೆ. ನನ್ನ ಭುಜದ ಪಕ್ಕದಿಂದ ಬಳೆ ಹಾಕಿದ ಒಂದು ಕೈ ಚಾಚಿತು. ನನ್ನ ಕೈ ಹ್ಯಾಂಡಲ್ ಬಿಡಲಿಲ್ಲ. ಬಲಕ್ಕಮ್ಮ ಎಂದೆ, ಬಲಗಡೆ ಕೈ ಬಂತು. ಆ ಕೆಲಸಕ್ಕೆ ಜನ ಇದ್ದಾರೆ ಎಂದು ಗೊತ್ತಾದ ಮೇಲೆ ನನ್ನ ಕೈಗೆ ಹೊರಗೆ ಹೋಗುವ ಅವಸರ ಇರಲಿಲ್ಲ. ನಾಲ್ಕು ದಿನ ಹಾಗೇ ಮಾಡಿದೆವು. ಐದನೇ ದಿನ ಅವಳು ಹೇಳದೆ ಕೇಳದೆ ಕೈ ತೋರಿಸುವುದು ನಿಲ್ಲಿಸಿದ್ದಳಂತೆ. ನಾನು ಹೆಬ್ಬೆರಳಿನಲ್ಲಿ ಇಂಡಿಕೇಟರ್ ಒತ್ತಿಕೊಂಡು ಆರು ತಿರುವು ತಿರುಗಿದ್ದೆ, ನನಗೇ ಗೊತ್ತಿರಲಿಲ್ಲ. ಅವಳು ಚಪ್ಪಾಳೆ ತಟ್ಟಲಿಲ್ಲ. "ಹೂಂ, ಈಗ ರೋಡಿಗೆ ನಡ್ರಿ" ಎಂದಳು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲಿಂದ ನನಗೆ ನಿನ್ನ ಮೇಲಿನ ಸಿಟ್ಟು ಇನ್ನೂ ಜಾಸ್ತಿಯಾಗಿದೆ. ಇಪ್ಪತ್ತಾರು ವರ್ಷ ನಾನು ಸ್ಕೂಟರ್ ಕಲಿಯದೆ ಇದ್ದದ್ದು ಬುದ್ಧಿ ಇಲ್ಲದೆ ಅಲ್ಲ, ಭಯಕ್ಕೂ ಅಲ್ಲ. ನಾನು ಕಲಿತರೆ ಅವಳ ಬೆನ್ನ ಹಿಂದಿನ ಜಾಗ ಹೋಗುತ್ತಿತ್ತು. ಆ ಜಾಗ ನನಗೆ ಇಷ್ಟವಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಆದರೆ ನಿನ್ನದೂ ಅದೇ ಕಥೆ ಎಂದು ಈಗ ಗೊತ್ತಾಗುತ್ತಿದೆ. ಲಕ್ಷ್ಮಿ ನಿನ್ನ ಬಲಗಿವಿಯ ಹತ್ತಿರ ಬಾಯಿ ತಂದು, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದಳು. ನಾವು ಮಾತಾಡಿದ್ದನ್ನೂ ಅವಳೇ ಇನ್ನೊಮ್ಮೆ ನಿನಗೆ ಹೇಳುತ್ತಿದ್ದಳು. ನಿನಗೆ ಕಿವಿ ಕೇಳಿಸುವುದಿಲ್ಲವೆಂದು ಐದು ವರ್ಷ ನಮಗೆ ಯಾರಿಗೂ ಗೊತ್ತಾಗದೆ ಹೋದದ್ದು ಅವಳಿಂದ. ನೀನೂ ಅವಳ ಹಿಂದೆಯೇ ಕೂತಿದ್ದವಳು. ಈಗ ಅವಳಿಲ್ಲ, ನಿನಗೆ ಬೇರೆಯವರ ದನಿಯಲ್ಲಿ ಕೇಳಿಸಿಕೊಳ್ಳುವುದು ಬೇಡ. ಅದರ ಜೊತೆಗೆ ಕಿವುಡಿನಲ್ಲಿ ಅನುಕೂಲವೂ ಇದೆ. ಸೊಸೆ ಹೇಳಿದ್ದಕ್ಕೆ ಉತ್ತರ ಕೊಡಬೇಕಿಲ್ಲ, ಯಾರು ಸತ್ತರು ಯಾರು ಮನೆ ಮಾರಿದರು ಎಂದು ತಿಳಿದುಕೊಳ್ಳಬೇಕಿಲ್ಲ, ಎಲ್ಲದಕ್ಕೂ ಊಟ ಆಯ್ತು ಎಂದರೆ ಮುಗಿಯಿತು. ಕಲಿಯುವುದಕ್ಕೆ ವಯಸ್ಸಾಯಿತು ಎಂದು ನನಗೆ ಹೇಳಬೇಡ. ಹೋದ ವರ್ಷ ಎಪ್ಪತ್ತಕ್ಕೆ ಬಿದ್ದವಳು ಆ ಟಿವಿಯ ರಿಮೋಟಿನಲ್ಲಿ ಮೂರು ಧಾರಾವಾಹಿ ಒಂದಾದ ಮೇಲೊಂದು ಹುಡುಕಿ ಹಾಕಿಕೊಳ್ಳುವುದನ್ನು ಯಾರ ಸಹಾಯವೂ ಇಲ್ಲದೆ ಕಲಿತೆಯಲ್ಲ. ಮೋಹನನಿಗೇ ಆ ರಿಮೋಟು ಬರುವುದಿಲ್ಲ. ಮಾತು ಕೇಳಿಸದೆ ಬರೀ ಮುಖ ನೋಡಿ ಆ ಅತ್ತೆ ಸೊಸೆಯರ ಜಗಳದಲ್ಲಿ ತಪ್ಪು ಯಾರದು ಎಂದು ಬೇರೆ ತೀರ್ಮಾನ ಕೊಡುತ್ತೀ.

ಆಯುಧಪೂಜೆಯ ದಿನ ನೀನು ಮಾಡಿದ್ದನ್ನು ಮೋಹನ ಹೇಳಿದ. ಅವನ ಬೈಕು, ಮಿಕ್ಸಿ, ಹೊಲಿಗೆ ಮಿಷನ್ನು, ಎಲ್ಲಕ್ಕೂ ಕುಂಕುಮ ಇಟ್ಟು, ಕೊನೆಗೆ ಕಿವಿ ಮಿಷನ್ನಿನ ಡಬ್ಬಿಗೂ ಅರಿಶಿನ ಕುಂಕುಮ ಹಚ್ಚಿ ಚೆಂಡು ಹೂವು ಏರಿಸಿ ಮಂಗಳಾರತಿ ಮಾಡಿದೆಯಂತೆ. ಆಮೇಲೆ ಎತ್ತಿ ದೇವರ ಗೂಡಿನಲ್ಲೇ ಇಟ್ಟೆಯಂತೆ. ದಿನಾ ಊದುಬತ್ತಿಯ ಹೊಗೆ ಅದಕ್ಕೆ. ನಾನು ನಗಲೋ, ತಲೆ ಚಚ್ಚಿಕೊಳ್ಳಲೋ ತಿಳಿಯಲಿಲ್ಲ. ಪೂಜೆ ಮಾಡಿದ್ದೀ ಎಂದರೆ ಅದು ಕೆಲಸದ ಸಾಮಾನು ಎಂದು ಒಪ್ಪಿಕೊಂಡಿದ್ದೀ ಎಂದಾಯಿತು. ಒಪ್ಪಿಕೊಂಡ ಮೇಲೆ ಕಿವಿಗೆ ಹಾಕಿಕೊಳ್ಳುವುದಕ್ಕೆ ಏನು ಕಷ್ಟ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ, ಯಾಕೆಂದರೆ ಕೇಳಿಸುವುದಿಲ್ಲ.

ಶನಿವಾರ ನಾನು, ಹಿಂದೆ ಭುವನೇಶ್ವರಿ, ಮುಂದೆ ಹಿಂದೆ ಎಲ್ ಬೋರ್ಡು, ಚಂದ್ರಾ ಬಡಾವಣೆ, ನಾಗರಬಾವಿ ಸರ್ಕಲ್ಲು, ಯೂನಿವರ್ಸಿಟಿ ರಸ್ತೆ ದಾಟಿಕೊಂಡು ಉಲ್ಲಾಳ ಕೆರೆಯವರೆಗೆ ಬಂದೆವು. ಬಸ್ಸುಗಳು ಕಿವಿಯ ಪಕ್ಕದಲ್ಲೇ ಹೋಗುತ್ತವೆ. ಆದರೂ ಬಂದೆ, ಕೈ ಬಿಡಲಿಲ್ಲ. ಕೆರೆಯ ಗೇಟಿನಿಂದ ನಿನ್ನ ಮನೆ ಐದು ನಿಮಿಷ. "ಹೋಗೂಣೇನ್ರಿ ಅಕ್ಕಾರ ಮನಿಗೆ?" ಎಂದು ಅವಳು ಕೇಳಿದಳು. ಬೇಡ ಎಂದು ಗಾಡಿ ತಿರುಗಿಸಿದೆ. ಗೆದ್ದವನ ಹಾಗೆ ಬಂದು ನಿನ್ನ ಬಾಗಿಲಲ್ಲಿ ನಿಂತು, ನಾನು ಏನೋ ಹೇಳಿ, ನೀನು "ಸರಿ ಕಣೋ, ಊಟ ಮಾಡು" ಎಂದರೆ ನಾನು ಏನು ಮಾಡಬೇಕು? ಮೂರು ತಿಂಗಳ ಸಂಕಟವೆಲ್ಲ ಅದಕ್ಕೇ ಆಯಿತೇ ಎನ್ನಿಸಿಬಿಡುತ್ತದೆ. ನನ್ನನ್ನು ವೆಂಕಟ ಎಂದು ಕರೆಯುವವಳು ಭೂಮಿಯ ಮೇಲೆ ನೀನೊಬ್ಬಳು ಉಳಿದಿದ್ದೀ. ಕರೆದದ್ದಕ್ಕೆ ನಾನು ಓಗೊಟ್ಟರೆ ಅದು ನಿನಗೆ ತಲುಪುವುದಿಲ್ಲ. ಲಕ್ಷ್ಮಿಯ ವಿಷಯ ಮಾತಾಡಬೇಕೆಂದರೆ ಅವಳನ್ನು ನನ್ನಷ್ಟೇ ಬಲ್ಲವಳು ನೀನು. ಅದನ್ನೆಲ್ಲ ಕೂಗಿಕೊಂಡು ಆಡುವುದಕ್ಕಾಗುವುದಿಲ್ಲ ಅಕ್ಕಾ. ಕೆಲವು ಮಾತು ಮೆಲ್ಲಗೆ ಆಡುವಂಥವು.

ಕಾಗದ ಉದ್ದವಾಯಿತು, ಕೈ ಸೋತಿದೆ. ಮೋಹನನಿಗೂ ನಿನ್ನ ಸೊಸೆಗೂ ನನ್ನ ಆಶೀರ್ವಾದ ಹೇಳು. ಸೊಸೆ ಕಳಿಸಿದ ನಿಂಬೆ ಉಪ್ಪಿನಕಾಯಿ ಮುಗಿದಿದೆ, ಕೇಳಿದೆ ಎಂದು ಹೇಳಬೇಡ, ಮುಗಿದಿದೆ ಎಂದಷ್ಟೇ ಹೇಳು. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ನಿನ್ನ ಕಾಲಿಗೆ ಬಿದ್ದು ಬೇಡಿಕೊಳ್ಳುವುದು ಮುಂದಿದೆ, ಕೆಳಗೆ ನೋಡು.

ಇಂತಿ,
ಬೈಯುವುದಕ್ಕೆ ಬೇರೆ ಯಾರೂ ಇಲ್ಲದ ನಿನ್ನ ತಮ್ಮ,
ಮುನಿವೆಂಕಟಪ್ಪ

ಮ.ವಿ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬರುವ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ, ಮೂವತ್ತನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ ನಾನು ಸ್ಕೂಟರಿನಲ್ಲಿ ನಿನ್ನ ಮನೆ ಮುಂದೆ ಬಂದು ನಿಲ್ಲುತ್ತೇನೆ. ಗೇಟು ತೆಗೆಯುವುದಿಲ್ಲ, ಬೆಲ್ಲು ಒತ್ತುವುದಿಲ್ಲ. ಲಕ್ಷ್ಮಿ ನಿನ್ನನ್ನು ಕರೆದುಕೊಂಡು ಹೋಗಲು ಬಂದಾಗ ಹೊಡೆಯುತ್ತಿದ್ದ ಹಾಗೆ ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಹೊಡೆಯುತ್ತೇನೆ. ಯಾರೂ ನಿನ್ನ ಭುಜ ತಟ್ಟಿ ಹೇಳಬಾರದು ಎಂದು ಮೋಹನನಿಂದ ಭಾಷೆ ತೆಗೆದುಕೊಂಡಿದ್ದೇನೆ. ನೀನೇ ಕೇಳಿಸಿಕೊಂಡು ನೀನೇ ಬಾಗಿಲು ತೆಗೆಯಬೇಕು. ಇದರ ಜೊತೆ ಮಿಷನ್ನಿಗೆ ಹೊಸ ಬ್ಯಾಟರಿ ಇಟ್ಟಿದ್ದೇನೆ. ಹಿಂದಿನ ಸ್ಟಿಕ್ಕರ್ ಕಿತ್ತು, ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕು. ಮೊದಲು ಕುಂಕುಮ ಒರೆಸು. ಕಾಗದ ತಲುಪಿದ ದಿನ ಒಂದು ಗಂಟೆ, ಮಾರನೇ ದಿನ ಎರಡು ಗಂಟೆ. ಮಿಕ್ಸಿ ತಿರುಗಿಸುವಾಗ ಹೊರಗೆ ಹೋಗಿ ನಿಂತುಕೋ, ಕಿತ್ತು ಇಡಬೇಡ.